ಎಂಟು ವಸ್ತುಗಳ ಮನೆ

ಕೆಲವು ಪ್ರಶ್ನೆಗಳನ್ನು ಊರು ಹಗುರವಾಗಿ ತೆಗೆದುಕೊಳ್ಳಬಾರದು. ೨೦೦೭ರ ಏಪ್ರಿಲ್‌ನಲ್ಲಿ ಹುಕ್ಕೇರಿಯ ನಮ್ಮ ಓಣಿಯ ಮುಂದೆ ಅಂಥದೊಂದು ಪ್ರಶ್ನೆ ಬಂದು ನಿಂತಿತು. ನಳದ ನೀರಿನ ಸರದಿ, ಗಟಾರದ ಕಲ್ಲು, ಮುಂದಿನ ಚುನಾವಣೆ ಎಲ್ಲವೂ ಎರಡು ವಾರ ಬದಿಗೆ ಸರಿದು ಅದಕ್ಕೆ ದಾರಿ ಬಿಟ್ಟವು. ಪ್ರಶ್ನೆ ಇಷ್ಟು: ಬೀಜದಂಗಡಿಯ ಜಿನದತ್ತ, ವಯಸ್ಸು ನಲವತ್ತೈದು, ಜಪಾನಿನ ಹೊಸ ವಿಡಿಯೋ ಗೇಮ್ ಯಂತ್ರವನ್ನು ಅದು ಪೇಟೆಗೆ ಬಂದ ಮೊದಲ ದಿನವೇ ಕೊಳ್ಳಬೇಕೆ, ಬೇಡವೆ?

ಮಕ್ಕಳ ಹಟಕ್ಕೆ ಸೋತ ತಂದೆ ಎಂದು ಯಾರಾದರೂ ತಿಳಿದರೆ ತಪ್ಪು. ಅವನಿಗಿರುವುದು ಒಬ್ಬಳೇ ಮಗಳು, ಮಯೂರಿ. ಬಿ.ಎಸ್ಸಿ. ಎರಡನೆಯ ವರ್ಷ, ಇಂಥ ಹುಡುಗಾಟಿಕೆಗಳಿಂದ ಎಂದೋ ನಿವೃತ್ತಳಾದವಳು. ಯಂತ್ರ ಬೇಕಾಗಿದ್ದದ್ದು ಜಿನದತ್ತನಿಗೇ.

ಅವನ ತಂದೆ ತವನಪ್ಪ ತೀರಿಕೊಂಡಾಗ ಅವನಿಗೆ ಹದಿಮೂರು ವರ್ಷ. ಆ ವಾರವೇ ಸಾಲಿ ಬಿಟ್ಟು ಅಂಗಡಿಯ ಗಾದಿಯ ಮೇಲೆ ಕುಳಿತವನು ಆಮೇಲೆ ಓಡಿದ್ದನ್ನು, ಈಜಿದ್ದನ್ನು, ಗೋಲಿ ಹಿಡಿದದ್ದನ್ನು ಕಂಡವರಿಲ್ಲ. ತಾಯಿ ಜಿನ್ನವ್ವ ಆಗ ಹಾಕಿದ ಷರತ್ತು ಒಂದೇ: ಅಂಗಡಿಯಲ್ಲಿ ಬೀಜ ಮಾರಬೇಕು, ಹುಳು ಕೊಲ್ಲುವ ಎಣ್ಣೆ ಮಾರಬಾರದು. ತಾಲೂಕಿನಲ್ಲಿ ಕೀಟನಾಶಕವಿಲ್ಲದ ಬೀಜದಂಗಡಿ ಅದೊಂದೇ.

“ಬೀಜಾ ನೀನ ಕೊಡ್ತಿ, ಹುಳಾ ಬಿದ್ರ ಯಾರ ಕಡೆ ಹೋಗೂದೋ?” ಎಂದು ರೈತರು ಕೆಣಕುತ್ತಿದ್ದರು.

“ಬಾಜೂ ಅಂಗಡಿಗೆ,” ಎನ್ನುತ್ತಿದ್ದ ಜಿನದತ್ತ. ಮೂವತ್ತೆರಡು ವರ್ಷ ಹಾಗೆಯೇ ಅಂದಿದ್ದಾನೆ, ಒಂದು ದಿನವೂ ದನಿಯಲ್ಲಿ ಹೊಟ್ಟೆಯುರಿ ಬಂದಿಲ್ಲ.

ಚಟ ಹತ್ತಿದ್ದು ಮೂಡಲಗಿಯಲ್ಲಿ. ಅಲ್ಲಿ ಅಕ್ಕನ ಮಗ ನಿತಿನನ ಮೊಬೈಲ್ ಅಂಗಡಿಯಿದೆ. ಒಳಗಿನ ಕೋಣೆಯಲ್ಲಿ ಹಳೆಯದೊಂದು ಗೇಮ್ ಯಂತ್ರವೂ ಇತ್ತು. ಉಳ್ಳಾಗಡ್ಡಿ ಬೀಜದ ಕೆಲಸಕ್ಕೆ ಹೋದ ಜಿನದತ್ತನ ಕೈಗೆ ನಿತಿನ ಅದರ ರಿಮೋಟು ಕೊಟ್ಟು, “ಚಹಾ ಬರೂತನಾ ಹಿಡೀರಿ, ಮಾಮಾ,” ಅಂದ. ಚಹಾ ಬಂತು, ಆರಿತು, ಕೆನೆಗಟ್ಟಿತು. ಮಾಮಾ ಕಾರು ಓಡಿಸುತ್ತಲೇ ಇದ್ದ. ತಿಂಗಳಿಗೊಮ್ಮೆ ಇದ್ದ ಮೂಡಲಗಿಯ ಕೆಲಸ ವಾರಕ್ಕೊಮ್ಮೆ ಆಯಿತು.

“ಏನ್ರಿ, ಮೂಡಲಗ್ಯಾಗ ಉಳ್ಳಾಗಡ್ಡಿ ಬೀಜ ವಾರಕ್ಕೊಮ್ಮಿ ಕೆಡಾಕತ್ತಾವೇನು?” ಎಂದು ಹೆಂಡತಿ ಪದ್ಮಕ್ಕ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದದ್ದು. ನಾನು ಕದ್ದು ಕೇಳುವವನಲ್ಲ. ಕಿವಿ ಮುಚ್ಚಿಕೊಂಡು ಊಟ ಮಾಡುವುದು ಸಾಧ್ಯವಿಲ್ಲ, ಅಷ್ಟೆ.

ಅಷ್ಟರಲ್ಲಿ ಗೋಕಾಕದ ಟಿವಿ ವ್ಯಾಪಾರಿ ಗಜಾನನ ಹೇಳಿ ಕಳಿಸಿದ: ಹೊಸ ಯಂತ್ರ ಶುಕ್ರವಾರ ಬರುತ್ತದೆ, ನನ್ನ ಪಾಲಿಗೆ ಎರಡೇ, ಒಂದು ಆಗಲೇ ಹೋಗಿದೆ, ಇನ್ನೊಂದನ್ನು ಶುಕ್ರವಾರ ಮಧ್ಯಾಹ್ನದವರೆಗೆ ಜಿನದತ್ತ ಸಾವಕಾರರಿಗಾಗಿ ಹಿಡಿದಿಡುತ್ತೇನೆ. ಮುಂದೆ ಯಾವಾಗ ಬರುತ್ತದೋ ದೇವರಿಗೆ ಗೊತ್ತು. ಬೆಲೆ ಹಾಲು ಕರೆಯುವ ಒಂದು ಎಮ್ಮೆಯದು. ಆ ಮನೆಗೆ ಅದೇನು ಭಾರವಲ್ಲ. ಭಾರವಾದದ್ದು ಜಿನ್ನವ್ವನವರ ನೇಮ.

ಆರು ವರ್ಷದ ಹಿಂದೆ ದಡ್ಡಿಯಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ನಡೆದಾಗ ಜಿನ್ನವ್ವ ಅವರ ಎದುರು ಕೈಮುಗಿದು, ವಸ್ತುಗಳಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹದ ನೇಮ ತೆಗೆದುಕೊಂಡಿದ್ದರು. ಮನೆಯಲ್ಲಿ ಗೋಡೆಯಿಂದ ಕರೆಂಟು ಕುಡಿಯುವ ವಸ್ತು ಎಂಟಕ್ಕಿಂತ ಹೆಚ್ಚಿರಬಾರದು. ದೀಪಗಳಿಗೆ ಮಾತ್ರ ವಿನಾಯಿತಿ, ಕತ್ತಲೆಯಲ್ಲಿ ಕಾಲಡಿಯ ಇರುವೆ ಕಾಣುವುದಿಲ್ಲವೆಂಬ ಕಾರಣಕ್ಕೆ. ಇಂಥ ನೇಮವನ್ನು ಜನ ಸಾಮಾನ್ಯವಾಗಿ ಸಡಿಲಾಗಿ ಹೊಲಿಸಿಕೊಳ್ಳುತ್ತಾರೆ. ಹತ್ತು ಸೀರೆಯಿದ್ದವರು ಐವತ್ತಕ್ಕೆ ಮಿತಿ ಹಾಕಿಕೊಂಡು ಪುಣ್ಯ ಕಟ್ಟಿಕೊಳ್ಳುತ್ತಾರೆ. ಮಹಾರಾಜರು ತಾವಾಗಿಯೇ “ಹತ್ತು ಇಟ್ಟುಕೊಳ್ಳಮ್ಮಾ” ಅಂದರಂತೆ. “ಹತ್ತ ಇದ್ದಾವರು ಹತ್ತ ಇಟ್ಟುಕೊಳ್ಳಲಿರಿ. ನಮ್ಮನ್ಯಾಗ ಎಂಟ ಅದಾವ,” ಅಂದರಂತೆ ಜಿನ್ನವ್ವ.

ಗುರುವಾರ ಹೊತ್ತು ಮುಳುಗುವ ಮುಂಚೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ವಾದ ಶುರುವಾಯಿತು.

“ಅಂಗಡ್ಯಾಗ ಇಡೋಣವ್ವಾ. ಅಂಗಡಿ ಅಂದ್ರ ಮನಿ ಅಲ್ಲಲ್ಲ,” ಅಂದ ಜಿನದತ್ತ.

“ಅಂಗಡಿ ಯಾರದು?”

“ನಮ್ದು.”

“ಮತ್ತ?”

ಮಯೂರಿ ತಂದೆಯ ನೆರವಿಗೆ ಬಂದಳು. “ಆಯಿ, ಅದನ್ನ ಟಿವಿಗೆ ಜೋಡಸ್ತಾರ. ಟಿವಿದ ಬಾಲ ಅಂತ ತಿಳಕೋ.”

“ಬಾಲಕ್ಕ ಬ್ಯಾರೆ ವಾಯರ್ ಐತೇನು?”

“ಐತಿ.”

“ಹಂಗಾರ ಅದು ಬ್ಯಾರೆ ದನಾ.”

“ನಿತಿನನ ಹೆಸರಲೆ ತಗೊಂಡ್ರ?” ಜಿನದತ್ತ ಕೊನೆಯ ಬಾಣ ಬಿಟ್ಟ.

“ದತ್ತೂ, ಕರ್ಮಕ್ಕ ಉತಾರ ಇರೂದಿಲ್ಲೋ. ಹೆಸರ ಬದಲಿ ಮಾಡಿಕೊಡಾಕ ಮ್ಯಾಲ ತಲಾಠಿ ಕುಂತಿಲ್ಲ.”

ಭೂಮಿಯ ಕಾಗದಪತ್ರಗಳನ್ನು ಇಷ್ಟು ಬಲ್ಲ ಧರ್ಮಶಾಸ್ತ್ರವನ್ನು ನಾನು ಬೇರೆಲ್ಲೂ ಓದಿಲ್ಲ. ಜಿನ್ನವ್ವ ಮೊಮ್ಮಗಳಿಗೆ ಒಂದು ಲಗ್ನಪತ್ರಿಕೆಯ ಬೆನ್ನಿಗೆ ಪಟ್ಟಿ ಬರೆಯಲು ಹೇಳಿದರು. ಟಿವಿ, ಫ್ರಿಜ್ಜು, ಮಿಕ್ಸರು, ಇಸ್ತ್ರಿ, ಪಡಸಾಲೆಯ ಫ್ಯಾನು, ಆಯಿಯ ಕೋಣೆಯ ಫ್ಯಾನು, ಮೊಬೈಲು, ಬಾವಿಯ ಮೋಟರು. ಎಂಟು. ಪಟ್ಟಿ ಓದುವಾಗ ಜಿನದತ್ತ ಚಪಾತಿಯನ್ನು ಎಂದಿಗಿಂತ ಹೆಚ್ಚು ಶ್ರದ್ಧೆಯಿಂದ ತಿನ್ನುತ್ತಿದ್ದನಂತೆ.

“ಒಂದು ಒಳಗ ಬರಬೇಕಾದ್ರ ಒಂದು ಹೊರಗ ಹೋಗಬೇಕು,” ಅಂದರು ಜಿನ್ನವ್ವ.

“ಮಿಕ್ಸರಿಗೆ ಕೈ ಹಚ್ಚಿದ್ರ ನಾನೂ ಅದರ ಜೋಡಿ ಹೊರಗ ಹೋಗ್ತೇನಿ, ಹೇಳಿಬಿಟ್ಟೇನಿ ನೋಡ್ರಿ,” ಎಂದಳು ಪದ್ಮಕ್ಕ ಅಡಿಗೆಮನೆಯಿಂದ.

“ಯಾವುದು ಹೋಗಬೇಕು ಅನ್ನೂದು ಆಮ್ಯಾಲ,” ಅಂದರು ಜಿನ್ನವ್ವ. “ಎತ್ತ ತಗೊಳ್ಳೂ ಮುಂದ ಹಲ್ಲ ನೋಡ್ತೀವಿಲ್ಲೋ? ನಾಳೆ ಗೋಕಾಕಕ್ಕ ನಾನೂ ಬರ್ತೇನಿ. ಆ ಡಬ್ಬಿ ಯಾರನ್ನ ಕೊಲ್ಲತೈತಿ ಮೊದಲ ನೋಡಬೇಕು.”

ಗೋಕಾಕದಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಮಯೂರಿ.

ಗಜಾನನ ಅಂಗಡಿಯ ದೊಡ್ಡ ಟಿವಿಗೆ ಹಾರ ಹಾಕಿದ್ದ. ಅದರ ಕೆಳಗೆ ಯಂತ್ರ, ಕೆರೆಯಿಂದ ಆಗಷ್ಟೇ ಎದ್ದ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಜಿನ್ನವ್ವನವರಿಗೆ ಕುರ್ಚಿ ಹಾಕಿಸಿ, ಗಿರಾಕಿಗಳು ಬಾಯಿಬಿಡುವಂಥ ಆಟವನ್ನೇ ಮೊದಲು ಹಚ್ಚಿದ. ಒಬ್ಬ ಸೈನಿಕ ಬಂದೂಕು ಹಿಡಿದು ಎದುರು ಬಂದವರನ್ನೆಲ್ಲ ಉರುಳಿಸುತ್ತ ಹೊರಟ.

“ಅವರು ಇವಗ ಏನ ಮಾಡ್ಯಾರ?” ಕೇಳಿದರು ಜಿನ್ನವ್ವ.

ಗಜಾನನ ಒಂದು ವಾರದಿಂದ ಯಂತ್ರದ ಗುಣಗಳನ್ನು ಬಾಯಿಪಾಠ ಮಾಡಿದ್ದ. ಈ ಪ್ರಶ್ನೆ ಅದರಲ್ಲಿರಲಿಲ್ಲ. “ವೈರಿಗೋಳ್ರಿ, ಅವ್ವಾರ.”

“ಯಾವ ಊರಾವ್ರು?”

“ಅದನ್ನ ಹೇಳಿಲ್ರಿ.”

“ಊರ ಗೊತ್ತಿಲ್ಲ, ಹೆಸರ ಗೊತ್ತಿಲ್ಲ, ಹೊಡ್ಯಾಕತ್ತಾನ. ತಗೀಪಾ ಅದನ್ನ.”

ಗಜಾನನ ಅವಸರದಿಂದ ಕಾರಿನ ಆಟ ಹಾಕಿದ. ಜಿನ್ನವ್ವ ಮುಂದಕ್ಕೆ ಬಾಗಿ ನೋಡಿದರು. “ಗಾಡಿ ಬಡದ್ರ ಒಳಗಿನಂವ ಸಾಯ್ತಾನೇನು?”

“ಇಲ್ರಿ. ಮತ್ತ ಮೊದಲಿಂದ ಸುರು ಮಾಡ್ತಾನ್ರಿ.”

“ಆಮ್ಯಾಲ?”

“ಅಲ್ಲೇ ಹೋಗಿ ಬಡೀತಾನ್ರಿ, ಆಟಾ ಬರಲಿಲ್ಲಂದ್ರ.”

“ಮತ್ತ ಹುಟ್ಟೂದು, ಅದ ತಪ್ಪ ಮಾಡೂದು,” ಎಂದು ಜಿನ್ನವ್ವ ತಲೆದೂಗಿದರು. “ಇದರಾಗ ಸುಳ್ಳೇನಿಲ್ಲ. ದತ್ತೂ, ನೀ ಹಿಡಿ ನೋಡೋಣು.”

ಜಿನದತ್ತ ರಿಮೋಟು ಹಿಡಿದ. ತಿರುವು ಬಂದಾಗ ಅವನ ಭುಜ, ಕುತ್ತಿಗೆ, ಕೊನೆಗೆ ಸ್ಟೂಲೂ ಓರೆಯಾಯಿತು. ಮುಂದಿದ್ದ ಮೂರು ಕಾರುಗಳನ್ನು ಒಂದೇ ಸಂದಿಯಲ್ಲಿ ದಾಟಿದಾಗ ಅವನು ನಕ್ಕ. ಯಾರೋ ಬೇರೆಯವರು ನಕ್ಕರೆಂದು ತಾನು ಹಿಂದೆ ತಿರುಗಿ ನೋಡಿದೆ ಎಂದಳು ಮಯೂರಿ. ಅಪ್ಪ ಬಾಯಿ ತೆರೆದು ನಗುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಜಿನ್ನವ್ವ ಕೇಳಿದ್ದರು, ಬಹಳ ಹಿಂದೆ. ಅವರು ಟಿವಿ ನೋಡುವುದನ್ನು ಬಿಟ್ಟು ಮಗನನ್ನು ನೋಡುತ್ತಿದ್ದರು.

ಒಂದು ಸುತ್ತು ಮುಗಿಯಿತು. “ನನ್ನ ಕ್ವಾಣ್ಯಾಗಿನ ಫ್ಯಾನ್ ಹೋಗ್ಲಿ,” ಅಂದರು. “ಕಟ್ಟಪಾ ಗಜಾನನ, ಅದನ್ನ.”

ಏಪ್ರಿಲ್ ತಿಂಗಳು. ಎಪ್ಪತ್ತೆರಡು ವರ್ಷದ ಹೆಂಗಸು. ಗಜಾನನ ರಟ್ಟಿನ ಖೋಕಾ ಎಳೆದು, ಕಟ್ಟಲು ಸುತಳಿ ದಾರ ತೆಗೆದ. ಜಿನದತ್ತನ ಆಸೆ ಕೈಗೆ ಬಂದಿತ್ತು. ಇನ್ನೆರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ರಿಮೋಟನ್ನು ಕೆಳಗಿಟ್ಟ. ಪರದೆಯ ಮೇಲೆ ಅವನ ಕಾರು ಗೋಡೆಗೆ ಹೋಗಿ ಬಡಿದು ನಿಂತಿತು.

“ಅವ್ವಾ, ಎಂಟಲ್ಲ. ಮನ್ಯಾಗ ಒಂಬತ್ತ ಅದಾವ.”

ಒಂಬತ್ತನೆಯದು ಸೊಳ್ಳೆ ಬ್ಯಾಟು. ಬೀಸಿದರೆ ಟಪ್ ಎಂದು ಸೊಳ್ಳೆಯನ್ನು ಸುಡುವ, ಗೋಡೆಗೆ ಸಿಕ್ಕಿಸಿ ಚಾರ್ಜು ಮಾಡುವ ಬ್ಯಾಟು. ಹಿಂದಿನ ವರ್ಷ ಊರಿಗೆಲ್ಲ ಚಿಕುನ್‌ಗುನ್ಯಾ ಬಂದಾಗ ಮಯೂರಿ ಮಂಡಿ ಮಡಚಲಾಗದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಆಗ ಅವನು ಅದನ್ನು ಸಂಕೇಶ್ವರದಿಂದ ಚೀಲದಲ್ಲಿ ಸುತ್ತಿ ತಂದಿದ್ದ. ಹುಳದ ಎಣ್ಣೆ ಮಾರದ ಆ ಮನುಷ್ಯ, ತಾಯಿ ಬಸದಿಗೆ ಹೋದ ಹೊತ್ತು ನೋಡಿ, ಮಗಳ ಮಂಚದ ಸುತ್ತ ಬ್ಯಾಟು ಬೀಸುತ್ತ ತಿರುಗಿದ್ದ. ಆಮೇಲೆ ಅದು ಕಪಾಟಿನ ಹಿಂದೆ ಸೇರಿತ್ತು.

“ಎಷ್ಟ ಸತ್ತು?” ಕೇಳಿದರು ಜಿನ್ನವ್ವ.

“ಎಣಿಸಿಲ್ಲವ್ವಾ.”

“ಎಣಸಬೇಕಿತ್ತು. ಕೂಸಿಗೆ ಆರಾಮ ಆದ ಮ್ಯಾಲ?”

“ಒಂದೂ ಇಲ್ಲ. ಚಾರ್ಜ್ ಅಷ್ಟ ಮಾಡಿ ಇಡತಿದ್ದೆ. ಮತ್ತ ಜ್ವರಾ ಬಂದ್ರ ಅಂತ.”

ಗಜಾನನ ಕೈಯಲ್ಲಿ ಸುತಳಿ ಹಿಡಿದು ನಿಂತೇ ಇದ್ದ. ಫೋನು ಬಂತು, ಮಾತಾಡಿ ಇಟ್ಟು, ಮೆಲ್ಲಗೆ, “ಸಾವಕಾರ್ರ, ನಾಗನೂರಾಗಿನ ಪಾರ್ಟಿ ಗಾಡಿ ಹತ್ತೇತಂತ್ರಿ. ನೀವು ಬ್ಯಾಡ ಅಂದ್ರ ಅವರು ಒಯ್ತಾರ,” ಅಂದ.

ಜಿನ್ನವ್ವ ಎದ್ದರು. “ನೇಮ ಹ್ವಾದ ವರ್ಷನ ಮುರದೈತಿ, ನನಗ ಗೊತ್ತಿಲ್ಲದ. ಒಡದ ಗಡಗಿಗೆ ತ್ಯಾಪಿ ಹಚ್ಚಾಕ ಬರೂದಿಲ್ಲ, ಹೊಸಾದ ತರಬೇಕು. ಇಲ್ಲೆ ಬಸದಿ ಎಲ್ಲೈತಿ?”

ದಾರಿಯಲ್ಲಿ ಮಯೂರಿ ಅಜ್ಜಿಯ ಸೆರಗು ಹಿಡಿದು ಪಿಸುಗುಟ್ಟಿದಳು. “ಆಯಿ, ಹೊಸಾ ನೇಮ ಅಲ್ಲೇನು? ಈ ಸಲ ಹತ್ತ ಅನ್ನು. ಎಲ್ಲಾರೂ ಪಾರಾಗ್ತೇವಿ.” ಅಜ್ಜಿ ಬಸದಿಯಲ್ಲಿ ಬಿಂಬದ ಎದುರು ಕೈಮುಗಿದು, ಎಲ್ಲರಿಗೂ ಕೇಳುವಂತೆ, “ಏಳು,” ಅಂದರು.

ಹೊರಗೆ ಮೆಟ್ಟಿಲ ಮೇಲೆ ಜಿನದತ್ತ ಚಪ್ಪಲಿ ಮೆಟ್ಟಿಕೊಂಡ. “ನಡೀರಿ, ಹನ್ನೆರಡರ ಬಸ್ಸ ಸಿಗತೈತಿ ಮನಿಗೆ.”

“ಡಬ್ಬಿ?”

“ಏಳರಾಗ ಅದು ಹ್ಯಾಂಗ ಕೂಡತೈತವ್ವಾ?”

“ಕೂಡಸೂದು ನಿನ್ನ ಕೆಲಸ. ತಪ್ಪಿಗೆ ದಂಡ ಬೇಕು, ಅದಕ್ಕ ಏಳಂದೆ. ಆದ್ರ ನೀ ಸುಮ್ಮ ಇದ್ದಿದ್ರ ಡಬ್ಬಿ ಬರತಿತ್ತು, ಬಾಯಿ ಬಿಟ್ಟಿ. ಖರೆ ಹೇಳಿದಂವನ ಆಟಾ ಕಸಗೊಂಡ್ರ ನಾಳೆ ನಮ್ಮನ್ಯಾಗ ಯಾರು ಖರೆ ಹೇಳ್ತಾರ? ಯಾವ್ಯಾವ ಬಿಡ್ತಿ ಬಿಡು. ನನ್ನ ಫ್ಯಾನ್ ಅಂತೂ ಬಿಟ್ಟೇನಿ.”

“ನಿನ್ನ ಫ್ಯಾನ್ ಇರಲಿ,” ಅಂದ ಜಿನದತ್ತ. ಮೆಟ್ಟಿಲ ಮೇಲೆಯೇ ನಿಂತು ಬೆರಳು ಮಡಚಿ ಎಣಿಸಿದ. ಬ್ಯಾಟು ಹೇಗೂ ಹೋಗಲೇಬೇಕಿತ್ತು, ಮಿಕ್ಸರಿನ ಹೆಸರನ್ನು ಅವನು ಎತ್ತಲಿಲ್ಲ. ಪಡಸಾಲೆಯ ಫ್ಯಾನು ಎಂದ. ಅದರ ಕೆಳಗೆ ಮಲಗುವವನು ಅವನೇ. ಇಸ್ತ್ರಿ ಎಂದ, ಬಿಳಿ ಅಂಗಿಗೆ ಗೆರೆ ಮೂಡಿಸಿಕೊಂಡು ಅಂಗಡಿಗೆ ಹೋಗುವುದು ಆ ಓಣಿಯಲ್ಲಿ ಅವನದೊಂದೇ ಶೋಕಿ.

“ಮೊದಲ ಹೊರಗ, ಆಮ್ಯಾಲ ಒಳಗ,” ಎಂದು ಜಿನ್ನವ್ವ ನೆನಪಿಸಿದರು.

ಹೀಗಾಗಿ ಹನ್ನೊಂದೂವರೆಗೆ ನಮ್ಮ ಮನೆಯ ಫೋನು ರಿಂಗಾಯಿತು, ಆ ಕಡೆ ಜಿನದತ್ತ. ನಾನು ಪದ್ಮಕ್ಕನನ್ನು ಕರೆದೆ. ಅವಳು ಕೇಳಿಸಿಕೊಂಡು ಫೋನಿಟ್ಟಳು. “ಅಣ್ಣಾರ, ಒಂದೀಟ ಸ್ಟೂಲ್ ತಗೊಂಡ ಬರ್ರಿ. ನಮ್ಮವ್ರ ಬುದ್ಧಿ ನೆಟ್ಟಗಿಲ್ಲ. ಆದ್ರ ಮಿಕ್ಸರ್ ಉಳೀತು,” ಅಂದಳು.

ನಾನು ಫ್ಯಾನು ಇಳಿಸಿದೆ. ಇಸ್ತ್ರಿಯನ್ನು ಅವಳು ಪಕ್ಕದ ಓಣಿಯ ಕೆಂಪವ್ವನಿಗೆ ಕೊಟ್ಟುಬಂದಳು. ಬ್ಯಾಟನ್ನು ಮಾತ್ರ ಯಾರಿಗೂ ಕೊಡುವಂತಿರಲಿಲ್ಲ. ಕೊಟ್ಟವರ ಕೈಯಲ್ಲಿ ಅದು ಮತ್ತೆ ಕೊಲ್ಲುತ್ತದೆ. ಕಪಾಟಿನ ಹಿಂದಿನಿಂದ ಅದನ್ನು ಎಳೆದು ತಂದು ಅಂಗಳದಲ್ಲಿ ಒನಕೆಯಿಂದ ಜಜ್ಜಿದಳು. ಕೆಲಸ ಮುಗಿದ ಮೇಲೆ ನಾನು ಗೋಕಾಕಕ್ಕೆ ಫೋನು ಮಾಡಿ, ಮೂರೂ ಹೊರಗೆ ಹೋದವು ಎಂದು ಹೇಳಿದೆ. ನಾಗನೂರಿನವರು ಅಂಗಡಿಯ ಬಾಗಿಲಿಗೆ ಬಂದಾಗ ಗಜಾನನ ಸುತಳಿಯ ಕೊನೆಯ ಗಂಟು ಹಾಕುತ್ತಿದ್ದನಂತೆ.

ಈ ಮೂವತ್ತು ವರ್ಷಗಳಲ್ಲಿ ನಾನು ಬಹಳ ಜನರ ವ್ರತಗಳನ್ನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಮುರಿದು ಹೋದದ್ದು ತಿಳಿದ ಕೂಡಲೇ ಇನ್ನಷ್ಟು ಬಿಗಿಯಾದ ನೇಮ ಇದೊಂದೇ.

ಯಂತ್ರ ಅದೇ ದಿನ, ಊಟಕ್ಕೆ ಮುಂಚೆ, ಮನೆಗೆ ಬಂತು. ಫ್ಯಾನು ನಮ್ಮ ಪಡಸಾಲೆಯಲ್ಲಿ ತಿರುಗುತ್ತಿದೆ. ಜಿನದತ್ತ ಸುಕ್ಕುಗಟ್ಟಿದ ಅಂಗಿಯಲ್ಲಿ ಅಂಗಡಿಗೆ ಹೋಗುತ್ತಾನೆ, ಬಂದು ಬೆವರುತ್ತ ಕಾರು ಓಡಿಸುತ್ತಾನೆ. ಆ ಮನೆಯಲ್ಲಿ ಈಗ ಕರೆಂಟು ಕುಡಿಯುವ ವಸ್ತುಗಳು ಏಳು.