ಬ್ಲೂ ಆದ ಹುಡುಗಿ

ಸುಮಲತಾ ನನ್ನ ತಮ್ಮ ಗುರುಸಂಗಪ್ಪನ ಮಗಳು. ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೊಟ್ಟೂರಿಗೆ ಕಾಲೇಜಿಗೆ ಹೋಗುತ್ತಿದ್ದಳು. ಡಿಗ್ರಿಯ ಕೊನೆ ವರ್ಷ. ಕಬಡ್ಡಿ ಆಡುವ ಹುಡುಗಿ. "ಅತ್ತಿ, ನಿನ್ನೂ ಟೀಮಿಗೆ ಹಾಕ್ತೀನಿ. ಬಂದವರ ಕಾಲು ಹಿಡ್ಕೊಂಡು ಕುಂದ್ರು, ಸಾಕು" ಎಂದು ನನ್ನನ್ನು ಕಾಡಿಸುತ್ತಿದ್ದಳು.

ಆ ವರ್ಷ ಅವರ ಕಾಲೇಜು ಯೂನಿವರ್ಸಿಟಿಗೇ ಚಾಂಪಿಯನ್ ಆಯಿತು. ಎಲ್ಲಾ ಕಾಲೇಜುಗಳಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ದೇಶದ ಪಂದ್ಯಕ್ಕೆ ಕಳಿಸುತ್ತಾರೆ. ಹಾಗೆ ಆರಿಸಿದವರಿಗೆ 'ಬ್ಲೂ' ಅನ್ನುತ್ತಾರಂತೆ, ನೀಲಿ ಕೋಟು ಕೊಡುತ್ತಾರಂತೆ. ಇದು ನಮಗೆ ತಿಳಿದದ್ದು ಆಮೇಲೆ. ಆಗ ನಮ್ಮೂರಲ್ಲಿ ಬ್ಲೂ ಅಂದರೆ ಒಂದೇ, ವಿಡಿಯೋ ಅಂಗಡಿಯವರು ಪೇಪರು ಸುತ್ತಿ ಕದ್ದು ಕೊಡುವ ಹೊಲಸು ಕ್ಯಾಸೆಟ್ಟು. ಓದು ಬಾರದ ನನಗೂ ಅದು ಗೊತ್ತಿತ್ತು.

ಹುಡುಗಿಯ ಸೋದರಮಾವ ಮಂಜಣ್ಣ ಒಂದಿನ ಕೊಟ್ಟೂರಿನಿಂದ ಬಂದವನೇ ಬಾಗಿಲು ಹಾಕಿದ. ಬಸ್ ಸ್ಟ್ಯಾಂಡಿನಲ್ಲಿ ಅವಳ ಪೀಟಿ ಮಾಸ್ತರು ಬಸ್ಸು ಹತ್ತುತ್ತಾ ಕೂಗಿ ಹೇಳಿದರಂತೆ: "ನಿಮ್ಮ ಹುಡುಗಿ ಬ್ಲೂ ಆಗ್ಯಾಳ್ರಿ! ಫೋಟೋ ತೆಗಸಿ ಕಳಿಸ್ರಿ!"

"ಸರಿಯಾಗಿ ಕೇಳಿಸ್ಕೊಂಡಿಯೇನಲೇ?" ತಮ್ಮ ಕೇಳಿದ.

"ಮಂದಿ ಮುಂದ ಅಂದಾನ, ಮಾವ. ನಕ್ಕೊಂತ ಅಂದಾನ."

ಅಷ್ಟರಲ್ಲಿ ಸುಮಲತಾ ಬಾಗಿಲು ತಳ್ಳಿಕೊಂಡು ಕುಣಿಯುತ್ತಾ ಬಂದಳು. "ಅಪ್ಪಾ, ನಾ ಬ್ಲೂ ಆಗೀನಿ!"

ಮಾತು ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು. ನನ್ನ ತಮ್ಮ ಅದುವರೆಗೆ ಮಗಳ ಮೇಲೆ ಕೈ ಎತ್ತಿದವನಲ್ಲ.

"ಆಟದಾಗಪ್ಪಾ, ಕಬಡ್ಡಿಯಾಗ! ನೀಲಿ ಕೋಟು ಕೊಡ್ತಾರ!"

"ಕೋಟು ಕೊಟ್ಟು ಫೋಟೋ ಹಿಡೀತಾರೇನು? ಇನ್ನ ಮ್ಯಾಲ ಹೊಸ್ತಿಲು ದಾಟಬ್ಯಾಡ."

"ಸೋಮವಾರ ಟೀಮು ಹೊಂಡತೈತಿ. ನಾ ಹೋಗಲಿಲ್ಲಂದ್ರ ನನ್ನ ಜಾಗದಾಗ ಬ್ಯಾರೆಯಾಕಿನ್ನ ಕರ್ಕೊಂಡು ಹೋಗ್ತಾರಪ್ಪಾ."

ನಾನು ಮಂಜಣ್ಣನಿಗೆ, "ಆ ಮಾಸ್ತರನ್ನ ಒಂದು ಮಾತು ಕೇಳಿ ಬಾರಪ್ಪ" ಅಂದೆ.

"ಏನಂತ ಕೇಳ್ಲಿ, ಜಂಬಕ್ಕಾ? ನಮ್ಮ ಹುಡುಗಿ ಎಂಥಾ ಬ್ಲೂ ಆಗ್ಯಾಳ್ರಿ ಅಂತನಾ? ಆತ ಹಲ್ಲು ಕಿಸಿದ್ರ ಮುಖ ಎಲ್ಲಿಡ್ಲಿ?"

ಕೇಳಿದರೆ ಊರಿಗೇ ಗೊತ್ತಾಗುತ್ತದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸೋಮವಾರ ಹುಡುಗಿ ಬೂಟು ಕಟ್ಟಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಸಂಜೆಗೆ ತಾನೇ ಬೂಟು ಬಿಚ್ಚಿದಳು.

ಎರಡು ವಾರದ ಮೇಲೆ ಮಾಸ್ತರೇ ಮನೆ ಹುಡುಕಿಕೊಂಡು ಬಂದರು. "ಏನ್ರಿ ಯಜಮಾನ್ರ, ಹುಡುಗಿಗೆ ಜಡ್ಡೇನು? ಈಕಿನ್ನ ನಂಬಿ ಟೀಮು ಕಟ್ಟಿದ್ದರು. ಮೊದಲ ಪಂದ್ಯಕ್ಕ ಸೋತು ಬಂದ್ರು ನೋಡ್ರಿ." ಬ್ಲೂ ಅಂದರೆ ಏನೆಂದು ಅವರೇ ಬಿಡಿಸಿ ಹೇಳಿದರು.

ಸುಮಲತಾ ಹಿಟ್ಟು ಸಾಣಿಸುತ್ತಿದ್ದಳು. ತಮ್ಮ ಅವಳ ಹತ್ತಿರ ಹೋದ. "ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನವ್ವಾ. ಎಷ್ಟು ದೂರ ಇದ್ರೂ."

"ಮುಂದಿನ ವರ್ಷ ನನಗ ಕಾಲೇಜಿಲ್ಲಪ್ಪಾ."

ಸಿಟ್ಟಿನಿಂದ ಹೇಳಲಿಲ್ಲ. ಕೈ ಝಾಡಿಸಿಕೊಂಡು ಮಾಸ್ತರಿಗೆ ಚಾ ಇಡಲು ಎದ್ದಳು. ತಮ್ಮ ಒಲೆಯ ತನಕ ಅವಳ ಹಿಂದೆಯೇ ಹೋದ, ಏನೋ ಹೇಳಲು ಬಾಯಿ ತೆರೆದ.

"ಸಕ್ಕರಿ ಜಾಸ್ತಿ ಹಾಕವ್ವಾ" ಅಂದ.