ಚನ್ನವೀರಪ್ಪನ ರಬ್ಬರ್ ಸೀಲು

ರಾಜಾಜಿನಗರದ ಆ ಮನೆಯ ಹಿತ್ತಿಲಲ್ಲಿ ಅಮೆರಿಕದ ಕಾರೊಂದು ಹೊಟ್ಟೆ ಬಿಚ್ಚಿಸಿಕೊಂಡು ಬಿದ್ದು ತಿಂಗಳುಗಳೇ ಆಗಿದ್ದವು. ನೀಲಮ್ಮನ ಹರಿವಾಣ, ಮೊರ, ಕೊನೆಗೆ ಇಡ್ಲಿ ತಟ್ಟೆಯೂ ಅದರ ಸೇವೆಗೆ ಹೋಗಿದ್ದವು. ಬಿಚ್ಚಿದ ಭಾಗಗಳು ಇಡ್ಲಿ ಗುಳಿಗೊಂದು ಸ್ಪ್ರಿಂಗು, ಗುಳಿಗೊಂದು ಉಕ್ಕಿನ ಗುಂಡು. "ನಿಮ್ಮ ಯಜಮಾನ್ರಿಗೆ ತಲೆ ನೆಟ್ಟಗಿದೆಯೇನ್ರೀ?" ಎಂದು ಪಕ್ಕದ ಮನೆಯ ಇಂದ್ರಮ್ಮ ಕೇಳಿದರೆ, "ತಲೆ ನೆಟ್ಟಗೇ ಇದೆ, ಕಾಲೇ ಸರಿಯಿಲ್ಲ" ಎಂದು ನೀಲಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಮಾತು ನಿಜವೇ. ಗಂಡ ಚನ್ನವೀರಪ್ಪನಿಗೆ ಲೇತ್ ಅಂಗಡಿಯಿತ್ತು, ಕೈಯಲ್ಲಿ ಕೆಲಸವಿತ್ತು. ಆದರೆ ಹಿಂದೆ ಗಿರಣಿಯ ಯಂತ್ರದ ಪಟ್ಟಿಗೆ ಸಿಕ್ಕ ಎಡಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಕ್ಲಚ್ ಒತ್ತಲಾರದವನಿಗೆ ಕಾರಿನ ಆಸೆ ಯಾಕೆ ಅಂತೀರಾ? ಈ ಕಾರಿಗೆ ಕ್ಲಚ್ಚೇ ಇರಲಿಲ್ಲ! ಗೇರು ತಾನೇ ಬದಲಾಗುತ್ತದಂತೆ. ಊರು ಬಿಡುತ್ತಿದ್ದ ಅಮೆರಿಕನ್ ಪಾದ್ರಿಯೊಬ್ಬರು ಗೇರ್‌ಬಾಕ್ಸ್ ಕೆಟ್ಟಿದೆಯೆಂದು ಗುಜರಿ ಲೆಕ್ಕದಲ್ಲಿ ಕೊಟ್ಟಿದ್ದರು. ಇಡೀ ಬೆಂಗಳೂರಿನಲ್ಲಿ ತಾನು ಓಡಿಸಬಹುದಾದ ಕಾರು ಇದೊಂದೇ ಎಂದು ಚನ್ನವೀರಪ್ಪ ನಂಬಿಬಿಟ್ಟಿದ್ದ.

ಎಲ್ಲ ಬಿಚ್ಚಿ ನೋಡಿದರೆ ಕೆಟ್ಟಿದ್ದು ಒಂದೇ ಒಂದು ರಬ್ಬರ್ ಉಂಗುರ. ಒಳಗಿನ ಎಣ್ಣೆ ಸೋರದಂತೆ ತಡೆಯುವ ಸೀಲು. ಎಣ್ಣೆ ಸೋರಿದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಇಂಜಿನ್ ಎಷ್ಟು ಅರಚಿದರೂ ಚಕ್ರ ತಿರುಗದು. ಮುಟ್ಟಿದೊಡನೆ ಅದು ಹಳೇ ಹಪ್ಪಳದಂತೆ ಪುಡಿಯಾಯಿತು. ಊರಿನ ಮೋಟಾರು ಅಂಗಡಿಗಳವರು ಅಂಥದ್ದನ್ನು ಕಂಡೇ ಇರಲಿಲ್ಲ. ಲಾರಿ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದು ಎಣ್ಣೆ ಕುಡಿದು ಬೋಂಡದ ಹಾಗೆ ಊದಿಕೊಂಡಿತು.

ಅಷ್ಟರಲ್ಲಿ ನೀಲಮ್ಮನ ತಮ್ಮ ಮರಿಸ್ವಾಮಿ ತಾನು ದುಡಿಯುತ್ತಿದ್ದ ದಿನಸಿ ಮಂಡಿಯ ಸಾಹುಕಾರರ ಕೆಲಸಕ್ಕೆ ಬೊಂಬಾಯಿಗೆ ಹೊರಟ. ಚನ್ನವೀರಪ್ಪ ಚೀಟಿಯ ಮೇಲೆ ಒಂದರೊಳಗೊಂದು ಎರಡು ವೃತ್ತ ಬರೆದು, ಅಳತೆ ಹಾಕಿ, ಪಕ್ಕದಲ್ಲಿ "ರಬ್ಬರ್ ಸೀಲು" ಎಂದು ಬರೆದುಕೊಟ್ಟ. "ನನ್ನ ತಮ್ಮ ತಂದೇ ತರ್ತಾನೆ, ನೋಡ್ತಿರಿ" ಎಂದು ನೀಲಮ್ಮ ಜಂಬದಿಂದ ಹೇಳಿದಳು.

ಮರಿಸ್ವಾಮಿ ರೈಲಿಳಿದವನೇ ನೇರ ಅಕ್ಕನ ಮನೆಗೆ ಬಂದ.

"ಸಿಕ್ತೇನೋ?" ಚನ್ನವೀರಪ್ಪ ಕಾಲೆಳೆದುಕೊಂಡು ಬಾಗಿಲಿಗೇ ಬಂದ.

"ಸಿಗೋದೇನ್ ಭಾವ, ಮಾಡಿಸ್ಕೊಂಡೇ ಬಂದೆ!"

ಪೊಟ್ಟಣದಿಂದ ಹೊರಬಂದದ್ದಕ್ಕೆ ಮರದ ಹಿಡಿಯಿತ್ತು. ಮರಿಸ್ವಾಮಿ ಅದನ್ನು ಜೊತೆಗೇ ತಂದಿದ್ದ ಇಂಕು ಪ್ಯಾಡಿಗೆ ಒತ್ತಿ, ಚೀಟಿಯ ಹಿಂದೆ ಠಪ್ಪೆಂದು ಹೊಡೆದ. ಎರಡು ವೃತ್ತಗಳ ನಡುವೆ ಸುತ್ತಲೂ ಇಂಗ್ಲಿಷಿನಲ್ಲಿ ಮೂಡಿತು: ಚನ್ನವೀರಪ್ಪ, ಮೋಟಾರ್ ಮಾಲೀಕರು, ರಾಜಾಜಿನಗರ.

"ಮಧ್ಯೆ ಖಾಲಿ ಬಿಡಿಸಿದೀನಿ, ನೀವು ಬರೆದಿದ್ದ ಹಾಗೇ. ಕಾರಿರೋರಿಗೆ ಒಂದು ಸೀಲು ಇರಬೇಡ್ವೇ!"

ಅಯ್ಯೋ ಶಿವನೇ! ಚನ್ನವೀರಪ್ಪ ಬೈಯಲಿಲ್ಲ. ಬೈದಿದ್ದರೆ ನೀಲಮ್ಮನಿಗೆ ಹಾಯೆನಿಸುತ್ತಿತ್ತು. "ಚೆನ್ನಾಗಿದೆ ಕಣಪ್ಪ" ಎಂದು ಸೀಲನ್ನು ತಿರುಗಿಸಿ ನೋಡಿದ, ಹಿತ್ತಿಲಿಗೆ ಹೋಗಿ ಕಾರಿನ ಪಕ್ಕ ಕುಳಿತುಬಿಟ್ಟ. ತವರಿನ ಮಾನ ಹೋಯಿತೆಂದು ನೀಲಮ್ಮನಿಗೆ ನಾಚಿಕೆ, ಗಂಡನ ಮುಖ ನೋಡಿ ಸಂಕಟ.

ತಮ್ಮನಿಗೆ ಕಾಫಿ ಕೊಟ್ಟು ಕಳಿಸಿ ಹಿತ್ತಿಲಿಗೆ ಬಂದಳು. "ಬೇರೆ ಏನೂ ಆಗಲ್ವೇ?"

"ತೊಗಲಿನದಾದ್ರೆ ತಡೆಯುತ್ತೆ. ಮಂದವಾದ್ದು, ಬಟ್ಟಲಿನ ಹಾಗೆ ಮಡಿಸಿದ್ದು ಬೇಕು." ಹೇಳುತ್ತಿದ್ದ ಅವನ ಕಣ್ಣು ಬಚ್ಚಲ ಪಕ್ಕದ ಕೈಪಂಪಿನ ಮೇಲೆ ನಿಂತು, ತಟ್ಟನೆ ಬೇರೆ ಕಡೆ ಹೋಯಿತು. ಪಂಪಿನೊಳಗೆ ನೀರೆಳೆಯುವ ತೊಗಲಿನ ಬಟ್ಟಲನ್ನು ಹೊಸದಾಗಿ ಹಾಕಿಸಿ ವಾರವಾಗಿತ್ತಷ್ಟೆ. ಅದಕ್ಕೆ ಮೊದಲು ನೀಲಮ್ಮ ತಿಂಗಳುಗಟ್ಟಲೆ ಇಂದ್ರಮ್ಮನ ಬಾವಿಯಿಂದ ನೀರು ಹೊತ್ತಿದ್ದಳು.

"ಬಿಚ್ಕೊಳ್ಳಿ" ಎಂದಳು.

"ನೀರಿಗೆ ಏನ್ ಮಾಡ್ತೀಯೇ? ಪೇಟೆಯಲ್ಲಿ ಇನ್ನೊಂದು ಸಿಗೋಕೆ ಮತ್ತೆ ತಿಂಗಳುಗಟ್ಟಲೆ ಕಾಯ್ಬೇಕು."

"ಬಿಚ್ಕೊಳ್ಳಿ ಅಂದ್ನಲ್ಲ! ಸೊಂಟ ನಂದು, ನೋವೂ ನಂದು."

ಅವನು ಅದನ್ನು ಒಣಗಿಸಿ, ಅಂಚು ಸವರಿ, ಎಣ್ಣೆಯಲ್ಲಿ ನೆನೆಹಾಕಿದ. ಒಂದೊಂದಾಗಿ ಇಡ್ಲಿ ಗುಳಿಗಳು ಖಾಲಿಯಾದವು. ನೀಲಮ್ಮ ಮತ್ತೆ ಕೊಡ ಹಿಡಿದಳು.

ಒಂದು ಬೆಳಗ್ಗೆ ಇಂಜಿನ್ ಗುರುಗುಟ್ಟಿತು. ಚನ್ನವೀರಪ್ಪ ಗೇರಿನ ಹಿಡಿ ಎಳೆದ. ಕಾರು ಸಣ್ಣಗೆ ಜಗ್ಗಿ, ಮೆಲ್ಲಗೆ ಹೊರಟು, ಗೇಟು ದಾಟಿ ರಸ್ತೆಯಲ್ಲಿ ನಿಂತಿತು. ಬೀದಿಯವರೆಲ್ಲ ಹೊರಗೆ ಬಂದರು. ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಬಾರೇ, ಹತ್ತು! ಎಲ್ಲಿಗೆ ಹೋಗ್ಬೇಕು ಹೇಳು!"

"ನೀವು ಒಂದು ಸುತ್ತು ಹೋಗ್ಬನ್ನಿ. ನಾನು ಇಲ್ಲೇ ನಿಂತು ನೋಡ್ತೀನಿ."

"ನೋಡೋಕೆ ಏನಿದೆಯೇ?"

ನೀಲಮ್ಮ ಕೈಬೀಸಿದಳು, ಕಾರು ಹೊರಟಿತು. ಇಷ್ಟು ದಿನ ಅವನು ಅಂಗಡಿಗೆ ಹೊರಟಾಗಲೆಲ್ಲ ಆಕೆ ಗೇಟಿನವರೆಗೆ ಬರುತ್ತಿದ್ದಳು. ನಾಲ್ಕು ಹೆಜ್ಜೆ ಆ ಕಾಲು ಎಳೆಯುವುದನ್ನು ಕಂಡು, ತಾಳಲಾರದೆ ಒಳಗೆ ಹೋಗಿಬಿಡುತ್ತಿದ್ದಳು. ಈಗ ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದದ್ದು ಒಂದು ತಲೆ, ಎರಡು ಭುಜ, ಅಷ್ಟೇ. ಎಲ್ಲ ಗಂಡಸರ ಹಾಗೆ ಒಬ್ಬ ಗಂಡಸು ಹೋಗುತ್ತಿದ್ದ. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳದೆ, ಕಾರು ತಿರುವು ದಾಟುವವರೆಗೂ ನೀಲಮ್ಮ ನಿಂತು ನೋಡಿದಳು.