ಲ್ಯಾಮಿನೇಶನ್ ಆದ ಬೇಸ್‌ಬಾಲ್ ನೋಟು

ಲ್ಯಾಮಿನೇಶನ್ ಯಂತ್ರದ ಇನ್ನೊಂದು ಬದಿಯಿಂದ ನೋಟು ಬಿಸಿಬಿಸಿಯಾಗಿ ಹೊರಬಂದಾಗ ಭೋಜರಾಜನಿಗೆ ಖುಷಿಯೇ ಆಯಿತು. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ! ಗಲ್ಫಿನ ಅಲ್ ಖುವೈರ್‌ನ ಆ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಟೈಪಿಸ್ಟ್ ಆಗಿದ್ದವನು ಅವನು. ಟೈಪಿಂಗ್ ಬಿಟ್ಟರೆ ಅವನ ಹೆಮ್ಮೆಯೆಲ್ಲ ಈ ಯಂತ್ರದ ಮೇಲೆ. ಡ್ರೈವರುಗಳ ಲೇಬರ್ ಕಾರ್ಡು, ಮಕ್ಕಳ ಜನನ ಪತ್ರ, ಒಬ್ಬರ ಮದುವೆ ಸರ್ಟಿಫಿಕೇಟು, ಇನ್ನೊಬ್ಬರ ಜಾತಕ, ಎಲ್ಲ ಅವನ ಕೈಯಿಂದಲೇ ಪ್ಲಾಸ್ಟಿಕ್ ಹೊದ್ದು ಹೋಗುತ್ತಿದ್ದವು. ಊರು ಬಿಟ್ಟು ಬಂದವರಿಗೆ ಕಾಗದವೇ ಜೀವ ತಾನೇ? ಬೆವರು ತಾಗಬಾರದು, ನೀರು ಬೀಳಬಾರದು. ಒಮ್ಮೆ ಲ್ಯಾಮಿನೇಟ್ ಮಾಡಿಸಿಬಿಟ್ಟರೆ ನಿಶ್ಚಿಂತೆ.

ಆ ನೋಟು ಮಾತ್ರ ಕಂಪನಿಯ ಯಜಮಾನರೂ ಎಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್‌ರೂ ಆದ ಹಮೂದ್ ಸಾಹೇಬರದು. ನೋಟು ಎಂದರೂ ಅದು ದುಡ್ಡಲ್ಲ. ನೂರಿಪ್ಪತ್ತು, ನೂರಮೂವತ್ತು ವರ್ಷಗಳ ಹಿಂದೆ ಅಮೆರಿಕದ ಅಂಗಡಿಯವರು ತಮ್ಮ ಜಾಹೀರಾತನ್ನು ದುಡ್ಡಿನ ಹಾಗೆ ಅಚ್ಚು ಹಾಕಿಸಿ ಹಂಚುತ್ತಿದ್ದರಂತೆ. ಜನ ಆಸೆಯಿಂದ ಎತ್ತಿಕೊಂಡು ನೋಡಿದರೆ ಟೋಪಿ ಅಂಗಡಿಯ ವಿಳಾಸ! ಅಂಥವುಗಳಲ್ಲಿ ಬೇಸ್‌ಬಾಲ್ ಆಟದ ಚಿತ್ರವಿರುವವನ್ನು ಮಾತ್ರ ಸಾಹೇಬರು ಕೂಡಿಡುತ್ತಿದ್ದರು. ಹರೆಯದಲ್ಲಿ ಓಹಿಯೋದಲ್ಲಿ ಓದುವಾಗ ಹತ್ತಿದ ಹುಚ್ಚು ಅದು. ಇಪ್ಪತ್ತು ವರ್ಷ ಹುಡುಕಿ ಸಿಕ್ಕಿದ್ದು ಹದಿನಾಲ್ಕು. ಸಹಿಗೆಂದು ಫೈಲು ಒಯ್ದಾಗಲೆಲ್ಲ ಭೋಜರಾಜ ಆ ಆಲ್ಬಮ್ ನೋಡಿದ್ದ. ಎಲ್ಲವೂ ಪಾರದರ್ಶಕ ಕವರಿನೊಳಗೇ ಇದ್ದವು. ಪ್ಲಾಸ್ಟಿಕ್ಕೇ ತಾನೇ ಅದು!

ಹದಿನೈದನೆಯದು ಕೊರಿಯರಿನಲ್ಲಿ ಬಂದಾಗ ಸಾಹೇಬರು ಮೊಣಕಾಲಿನ ಆಪರೇಶನ್‌ಗೆಂದು ಲಂಡನ್‌ನಲ್ಲಿದ್ದರು. ಅಲ್ಲಿಂದಲೇ ಫೋನ್ ಮಾಡಿ ಹಿಂದಿಯಲ್ಲಿ ಹೇಳಿದ್ದರು: "ಭೋಜ್, ಎಷ್ಟು ವರ್ಷ ಇದರ ಹಿಂದೆ ಬಿದ್ದಿದ್ದೆ ಗೊತ್ತಾ? ನಿನ್ನ ಸ್ವಂತ ಸರ್ಟಿಫಿಕೇಟಿನ ಹಾಗೆ ಜೋಪಾನ ಮಾಡು."

ಅವನು ಹಾಗೆಯೇ ಮಾಡಿದ್ದ. ಒಂದಿಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ.

ಕೊರಿಯರ್ ಕವರಿನಲ್ಲಿ ಮಡಚಿದ ಒಂದು ಚೀಟಿಯೂ ಇತ್ತು. ಅದನ್ನು ಭೋಜರಾಜ ಓದಿದ್ದು ಈಗ, ಫೈಲಿಗೆ ಹಾಕುವ ಮೊದಲು. ಬರಿಗೈಯಲ್ಲಿ ಮುಟ್ಟಬೇಡಿ. ಟೇಪ್ ಅಂಟಿಸಬೇಡಿ. ಬಿಸಿ ತಾಗಿಸಬೇಡಿ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ಯಾವ ಕಾರಣಕ್ಕೂ ಲ್ಯಾಮಿನೇಟ್ ಮಾಡಬೇಡಿ, ಮಾಡಿದರೆ ಸಂಗ್ರಹಕಾರನ ಪಾಲಿಗೆ ಇದು ಸತ್ತ ಹಾಗೆ.

ಚೀಟಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದ. ಮೂರು ವರ್ಷದ ಹಿಂದೆ ಗೋದಾಮಿನ ಕೀಲಿ ಕಳೆದವನೊಬ್ಬನನ್ನು ಸಾಹೇಬರು ಹತ್ತೇ ದಿನದಲ್ಲಿ ವಿಮಾನ ಹತ್ತಿಸಿದ್ದರು. ಅವರಿಗೆ ಕೂಗಾಡುವ ಅಭ್ಯಾಸವೇ ಇಲ್ಲ. ವೀಸಾ ಕ್ಯಾನ್ಸಲ್ ಎಂದರೆ ಕ್ಯಾನ್ಸಲ್, ಅಷ್ಟೇ. ಈಗ ಫೆಬ್ರವರಿ. ಮಗ ವಿಶಾಲ್ ದಾರ್ಸೈಟ್‌ನ ಶಾಲೆಯಲ್ಲಿ ಹತ್ತನೇ ಕ್ಲಾಸು, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ವೀಸಾ ಹೋದರೆ ಹೆಂಡತಿ ಮಗ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಹುಡುಗನ ಒಂದು ವರ್ಷ ಮಣ್ಣುಪಾಲು.

ಶುಕ್ರವಾರ ರಜೆಯ ದಿನ, ಊಟವಾದ ಮೇಲೆ, ಭೋಜರಾಜ ಪೆಟ್ಟಿಗೆಯಿಂದ ತನ್ನದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದ. ಅದೂ ಲ್ಯಾಮಿನೇಟ್ ಆದದ್ದೇ. ಪ್ಲಾಸ್ಟಿಕ್ ಬಿಡಿಸಲು ಬರುತ್ತದೆಯೋ ಎಂದು ಮೊದಲು ಇದರ ಮೇಲೆ ನೋಡೋಣ ಎಂದು ಇಸ್ತ್ರಿಪೆಟ್ಟಿಗೆ ಬಿಸಿಮಾಡಿ, ಬ್ಲೇಡಿನಿಂದ ಅಂಚು ಕೊಯ್ದು, ಉಸಿರು ಬಿಗಿಹಿಡಿದು ಎಳೆದ. ಪ್ಲಾಸ್ಟಿಕ್ಕಿನ ಜೊತೆಗೇ ಕಾಗದದ ಮೇಲ್ಪದರ ಎದ್ದು ಬಂತು. ಅವನ ಹೆಸರು, ಗಣಿತದ ಅಂಕ, ಹೆಡ್‌ಮಾಸ್ಟರರ ಸಹಿ, ಎಲ್ಲವೂ ಹರಿದು ಎರಡು ಪಾಲಾದವು.

"ಎಂತ ಮಾಡ್ತಾ ಇದ್ದೀರಿ ನೀವು? ತಲೆ ಸಮ ಉಂಟಾ?" ಎಂದು ಹೆಂಡತಿ ವಾರಿಜಾಕ್ಷಿ ಅಡುಗೆಮನೆಯಿಂದ ಓಡಿ ಬಂದಳು.

ಅವನು ಎಲ್ಲ ಹೇಳಿದ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಸಾಹೇಬ್ರ ಕಾಲು ಹಿಡೀರಿ," ಎಂದಳು. ಮರುಕ್ಷಣ, "ಅಲ್ಲ, ಬೇಡ. ಬಾಯಿ ಬಿಡ್ಬೇಡಿ. ಪರೀಕ್ಷೆ ಒಂದು ಮುಗೀಲಿ," ಎಂದಳು.

"ಅಪ್ಪಾ, ಪ್ಲೀಸ್! ಐ ಆಮ್ ಸ್ಟಡಿಯಿಂಗ್," ಎಂದು ಒಳಗಿನಿಂದ ವಿಶಾಲ್ ಕೂಗಿದ. ಭೋಜರಾಜ ಹರಿದ ಎರಡು ಪಾಲನ್ನೂ ಪೆಟ್ಟಿಗೆಗೆ ಸೇರಿಸಿದ.

ಶನಿವಾರ ಸಾಹೇಬರು ಕೋಲೂರಿಕೊಂಡು ಆಫೀಸಿಗೆ ಬಂದರು. ಕ್ಯಾಬಿನ್ನಿನಲ್ಲಿ ಅಕೌಂಟ್ಸ್ ನೋಡುವ ಆಗ್ನೆಸ್ ಬಾಯಿಯೂ ನಿಂತಿದ್ದರು. ಸಾಹೇಬರು ಬಿಳಿ ಕೈಗವಸು ಹಾಕಿಕೊಂಡು, ಹೊಸ ಮದುಮಗನ ಮುಖ ಮಾಡಿಕೊಂಡು, ಭೋಜರಾಜ ತಂದಿಟ್ಟ ಲಕೋಟೆಗೆ ಬೆರಳು ಹಾಕಿದರು. ನೋಟು ಹೊರಬಂತು. ಬ್ಯಾಟು ಎತ್ತಿ ನಿಂತ ಮೀಸೆಯ ಆಟಗಾರ ಪ್ಲಾಸ್ಟಿಕ್ಕಿನೊಳಗೆ ಫಳಫಳ ಹೊಳೆಯುತ್ತಿದ್ದ.

ಅವರು ಕೈಗವಸು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟರು. "ಯಾರು?"

ಭೋಜರಾಜ ಕಳಚಿಟ್ಟ ಕೈಗವಸುಗಳನ್ನೇ ನೋಡಿದ.

"ಕ್ಯಾಸ್ಮಿರ್ ಇರಬೇಕು ಸರ್," ಎಂದರು ಆಗ್ನೆಸ್ ಬಾಯಿ. ಕ್ಯಾಸ್ಮಿರ್ ಕಂಪನಿಯ ಡ್ರೈವರು, ಶಿರ್ವದವನು, ಹಿಂದಿನ ವಾರವಷ್ಟೇ ರಜೆಯಲ್ಲಿ ಊರಿಗೆ ಹೋಗಿದ್ದ. "ಕೊರಿಯರ್ ತಂದದ್ದು ಅವನೇ. ಆ ದಿನ ಭೋಜ್ ಊಟಕ್ಕೆ ಹೋದಾಗ ತಾನೇ ಮಗಳ ಫೋಟೋ ಎಲ್ಲ ಲ್ಯಾಮಿನೇಟ್ ಮಾಡಿಕೊಂಡಿದ್ದ. ಇದೂ ಸೇರಿಹೋಗಿರಬೇಕು."

"ನಿನ್ನ ಮೇಜಿನಿಂದ ತೆಗೆದನಾ, ಭೋಜ್?"

ಭೋಜರಾಜನ ತಲೆ ತಗ್ಗಿತು. ಹೌದೆನ್ನಲಿಕ್ಕಲ್ಲ, ಹೆದರಿಕೆಗೆ ತಗ್ಗಿದ್ದು. ಆದರೆ ಅವರು ಅದನ್ನು ಹೌದೆಂದೇ ತಿಳಿದರು.

"ಖಲಾಸ್. ಅವನು ವಾಪಸ್ ಬರುವುದು ಬೇಡ. ವೀಸಾ ಕ್ಯಾನ್ಸಲ್ ಲೆಟರ್ ಟೈಪ್ ಮಾಡಿ ತಾ."

ಹೊರಗೆ ಬಂದು ಕುರ್ಚಿಯಲ್ಲಿ ಕೂತಾಗ ಅವನಿಗೆ ಮೊದಲು ಅನಿಸಿದ್ದು ಬದುಕಿದೆ ಎಂದೇ. ನಾಚಿಕೆಗೇಡು, ಆದರೂ ನಿಜ. ಕ್ಯಾಸ್ಮಿರನ ಫೈಲು ತೆಗೆದು ಪಾಸ್‌ಪೋರ್ಟ್ ನಂಬರು ಹುಡುಕಿದ. ದಿನಾಂಕ ಹಾಕಿದ, ವಿಷಯ ಹಾಕಿದ. ಹೆಸರಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು.

ವಾಪಸ್ ಬರುವ ದಿನ ಹತ್ತಿರವಾದಾಗ ಕ್ಯಾಸ್ಮಿರ್ ಫೋನ್ ಮಾಡುತ್ತಾನೆ. ಯಾರಿಗೆ? ಇವನಿಗೇ. ಲೆಟರು, ವೀಸಾ ಎಂದರೆ ಎಲ್ಲರೂ ಫೋನ್ ಮಾಡುವುದು ಇವನಿಗೇ ಅಲ್ಲವೇ? 'ಭೋಜಣ್ಣ, ನನ್ನ ವೀಸಾ ಎಂತ ಆಯ್ತು, ಸ್ವಲ್ಪ ನೋಡಿ ಮಾರಾಯ್ರೆ' ಅನ್ನುತ್ತಾನೆ. ಆಗ ಏನು ಹೇಳುವುದು? ಒಮ್ಮೆ ಸುಳ್ಳು ಹೇಳಿದರೆ ಮುಗಿಯಿತೇ? ನಾಳೆ ಮತ್ತೆ ಮಾಡುತ್ತಾನೆ, ಹೆಂಡತಿಯ ಕೈಯಲ್ಲಿ ಮಾಡಿಸುತ್ತಾನೆ. ಸಾಹೇಬರ ಹೆದರಿಕೆ ಇಷ್ಟು ದಿನ ಕಾಡಿದ್ದು ನಿಜ. ಆದರೆ ಆ ಫೋನಿನ ಹೆದರಿಕೆ ಅದಕ್ಕಿಂತ ದೊಡ್ಡದಾಗಿ ಬಂತು. ಫೋನ್ ರಿಂಗಾದಾಗಲೆಲ್ಲ ಬೆಚ್ಚಿ ಬೀಳುತ್ತ ಬದುಕುವುದು ತನ್ನಿಂದಾಗದು ಎನಿಸಿತು.

ಅವನು ಹೆಸರಿನ ಜಾಗದಲ್ಲಿ ಭೋಜರಾಜ ಎಂದು ಟೈಪ್ ಮಾಡಿದ. ತನ್ನ ಪಾಸ್‌ಪೋರ್ಟ್ ನಂಬರು ಅವನಿಗೆ ಬಾಯಿಪಾಠವೇ ಇತ್ತು.

ಸಾಹೇಬರು ಪೆನ್ನು ತೆರೆದು ಸಹಿಯ ಜಾಗಕ್ಕೆ ಬಂದವರು ನಿಲ್ಲಿಸಿದರು. ಪತ್ರ ಓದಿದರು. "ಇದೇನು?"

"ನಾನೇ ಮಾಡಿದ್ದು ಸಾಬ್. ಕ್ಯಾಸ್ಮಿರ್ ಅದನ್ನು ಮುಟ್ಟಲೇ ಇಲ್ಲ."

"ಯಾಕೆ ಮಾಡಿದೆ?"

"ಸ್ವಂತ ಸರ್ಟಿಫಿಕೇಟಿನ ಹಾಗೆ ಜೋಪಾನ ಮಾಡು ಅಂದ್ರಿ. ನನ್ನದನ್ನೆಲ್ಲ ನಾನು ಹೀಗೇ ಇಟ್ಟಿದ್ದೇನೆ."

ಸಾಹೇಬರು ಕಣ್ಣು ಮುಚ್ಚಿಕೊಂಡರು. "ಆಗಲೇ ಯಾಕೆ ಬಾಯಿ ಬಿಡಲಿಲ್ಲ?"

"ಹೆದರಿಕೆಯಾಯಿತು ಸಾಬ್. ಮಗನಿಗೆ ಬೋರ್ಡ್ ಪರೀಕ್ಷೆ, ಮಾರ್ಚ್ ಕೊನೆಯವರೆಗೆ." ಬಂದ ಕಣ್ಣೀರನ್ನು ಅವನು ತಡೆಯಲು ಹೋಗಲಿಲ್ಲ.

ಸಾಹೇಬರು ಪ್ಲಾಸ್ಟಿಕ್ಕಿನೊಳಗಿನ ಆಟಗಾರನನ್ನೇ ನೋಡುತ್ತ ಕೂತರು. ಆಮೇಲೆ ಪತ್ರದ ಮೇಲಿನ ದಿನಾಂಕಕ್ಕೆ ಗೀಟು ಹಾಕಿ, ಹಾಳೆಯನ್ನು ಅವನ ಕಡೆ ತಳ್ಳಿದರು.

"ತಾರೀಖು ತಪ್ಪು. ಏಪ್ರಿಲ್ ಒಂದು ಹಾಕು. ಯಲ್ಲಾ, ಹೋಗು."

ಭೋಜರಾಜ ಮೇಜಿಗೆ ಮರಳಿ, ಏಪ್ರಿಲ್ ಒಂದು ಎಂದು ತಿದ್ದಿ, ಪ್ರಿಂಟ್ ತೆಗೆದು ಸಹಿ ಹಾಕಿಸಿಕೊಂಡ. ಹನ್ನೊಂದು ವರ್ಷದ ಕೆಲಸ ಒಂದು ಸಹಿಗೆ ಹೋಯಿತು. ಮನೆಗೆ ಫೋನ್ ಮಾಡಿದ.

"ವಾರಿಜಾ, ಊರಿಗೆ ಹೋಗ್ಲಿಕ್ಕುಂಟು," ಎಂದ. ಅವಳು ಅಳಲು ಶುರುಮಾಡಿದಳು. "ಅಳ್ಬೇಡ, ಕೇಳು. ಪರೀಕ್ಷೆ ಮುಗಿಸಿಯೇ ಹೋಗುದು."